ಚಿತ್ತಾರದ ಹೆಸರಿಗೆ ನಾನು ಕಟ್ಟಿದ ಬೆಲೆ

ಸಾಗರದಲ್ಲಿ ಯಾರಾದರೂ ನನ್ನ ಕಸುಬೇನು ಎಂದು ಕೇಳಿದರೆ, ಹೆಸರುಗಳಿಗೆ ಬೆಲೆ ಕಟ್ಟುತ್ತೇನೆ ಎನ್ನುತ್ತೇನೆ. ಕೇಳಿದವರು 'ಜಾತಕ ನೋಡ್ತೀರಾ?' ಎಂದು ವಿಚಾರಿಸುತ್ತಾರೆ. ಜಾತಕವಲ್ಲ. ಇಂಟರ್ನೆಟ್ಟಿನಲ್ಲಿ ಅಂಗಡಿಗೋ ಶಾಲೆಗೋ ಒಂದು ವಿಳಾಸ ಇರುತ್ತದಲ್ಲ, ಕೊನೆಯಲ್ಲಿ ಡಾಟ್ ಇನ್ ಅಂತಲೋ ಡಾಟ್ ಕೋ ಡಾಟ್ ಇನ್ ಅಂತಲೋ ಬರುವುದು, ಅದರ ಕೆಲಸ. ನಮ್ಮ ದೇಶದ ಗುರುತು ಹೊತ್ತ ಆ ವಿಳಾಸಗಳನ್ನು ವರ್ಷಕ್ಕಿಷ್ಟು ಎಂದು ದುಡ್ಡು ಕಟ್ಟಿ ಯಾರು ಬೇಕಾದರೂ ತಮ್ಮದು ಮಾಡಿಕೊಳ್ಳಬಹುದು, ಬೇಡವಾದರೆ ಇನ್ನೊಬ್ಬರಿಗೆ ಮಾರಬಹುದು. ಮಾರಿದರೆ ಎಷ್ಟು ಬಂದೀತು ಎಂದು ಪುಣೆಯಿಂದ, ದೆಹಲಿಯಿಂದ ಜನ ನನಗೆ ಪಟ್ಟಿ ಕಳಿಸುತ್ತಾರೆ. ನಾನು ಒಂದೊಂದರ ಮುಂದೆ ಒಂದೊಂದು ಅಂಕಿ ಬರೆದು ವಾಪಸು ಕಳಿಸುತ್ತೇನೆ. ಅದಕ್ಕೊಂದು ಫೀಸು ಬರುತ್ತದೆ. ಇದನ್ನು ನನ್ನ ಹೆಂಡತಿಯೇ ಮೊದಲೆರಡು ವರ್ಷ ನಂಬಲಿಲ್ಲ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ ಎನ್ನುತ್ತಿದ್ದಳು.

ಬೆಲೆ ಕಟ್ಟುವ ಕಣ್ಣು ನನಗೆ ಬಂದದ್ದು ಅಡಿಕೆ ಮಂಡಿಯಲ್ಲಿ. ಹದಿನಾಲ್ಕು ವರ್ಷ ಅಲ್ಲಿ ಗುಮಾಸ್ತನಾಗಿದ್ದೆ. ಚೀಲದ ಬಾಯಲ್ಲಿ ಒಳ್ಳೆಯ ಮಾಲು ಕಾಣಿಸಿ ಹೊಟ್ಟೆಯಲ್ಲಿ ಕಳಪೆ ತುಂಬಿ ತರುವವರು ಇರುತ್ತಾರೆ. ಅದಕ್ಕೆ ಕೈಯನ್ನು ಮೊಣಕೈತನಕ ಒಳಗೆ ತೂರಿಸಿ, ಅಲ್ಲಿಂದ ಒಂದು ಹಿಡಿ ಎತ್ತಿ ನೋಡಬೇಕು. ಹೆಸರಿಗೂ ಅಷ್ಟೇ. ನೋಡಲು ಚೆಂದ ಇದ್ದರೆ ಸಾಲದು. ಇದು ಯಾರಿಗೆ ಬೇಕು, ಬೇಕಾದವರು ಎಷ್ಟು ಜನ, ಅವರ ಕೈಯಲ್ಲಿ ದುಡ್ಡಿದೆಯೇ, ಇದೇ ಹೆಸರು ಡಾಟ್ ಕಾಮ್‌ನಲ್ಲಿ ದೊಡ್ಡವರ ಹತ್ತಿರ ಇದೆಯೇ, ನಾಳೆ ಯಾರಾದರೂ ಇದು ನಮ್ಮ ಟ್ರೇಡ್‌ಮಾರ್ಕು ಎಂದು ನೋಟಿಸು ಕಳಿಸುತ್ತಾರೆಯೇ, ಎಲ್ಲ ನೋಡಬೇಕು. ಇವೆಲ್ಲ ಆದ ಮೇಲೆ ನನ್ನದೇ ಒಂದು ಪರೀಕ್ಷೆ ಇದೆ. ನನ್ನ ರೂಮಿನ ಕೆಳಗಿನ ಹೋಟೆಲಿಗೆ ಫೋನು ಮಾಡಿ ಗಲ್ಲಾದಲ್ಲಿ ಕೂತವರಿಗೆ ಹೆಸರನ್ನು ಒಂದೇ ಸಲ ಹೇಳಿ ಬರೆದುಕೊಳ್ಳಲು ಕೇಳುತ್ತೇನೆ. ಮಧ್ಯಾಹ್ನ ಊಟಕ್ಕೆ ಇಳಿದಾಗ ಅವರು ಬರೆದದ್ದು ಸರಿ ಇದ್ದರೆ ಬೆಲೆ ಸ್ವಲ್ಪ ಏರಿಸುತ್ತೇನೆ. ಅವರಿಗೆ ನಾನು ಅರ್ಧ ಹುಚ್ಚ ಎಂದು ಖಾತ್ರಿಯಾಗಿದೆ, ಆದರೂ ಚೀಟಿ ತಪ್ಪದೆ ಎತ್ತಿಡುತ್ತಾರೆ.

ನನಗೆ ಬಾಯಿ ಜಾಸ್ತಿ. ಒಬ್ಬರು ಸಿಗಂದೂರಿನ ದೇವಿಯ ಹೆಸರನ್ನೇ ಏಳೆಂಟು ಥರ ತಿರುಗಿಸಿ ಮುರುಗಿಸಿ ರಿಜಿಸ್ಟರು ಮಾಡಿಸಿಕೊಂಡು, ಕೋಟಿಗೆ ಹೋಗುತ್ತದೆ ಎಂದುಕೊಂಡು ಬಂದಿದ್ದರು. 'ಕೊಳ್ಳೋರು ಯಾರ್ರೀ, ದೇವೀನೇ ಬಂದು ಕೊಂಡ್ಕೊಳ್ಬೇಕಾ?' ಎಂದುಬಿಟ್ಟೆ. ಅವರು ಕಾಫಿ ಬಿಟ್ಟು ಎದ್ದು ಹೋದರು. ಇನ್ನೊಬ್ಬರ ಹೆಸರಿಗೆ ಐನೂರು ರೂಪಾಯಿಯೂ ಬರುವುದಿಲ್ಲ ಎಂದು ಅವರ ಹೆಂಡತಿ ಮಕ್ಕಳ ಎದುರೇ ಹೇಳಿದ್ದೇನೆ. ಬೇರೆಯವರ ಸರಕು ಜರೆಯುವುದರಲ್ಲಿ ನನಗೆ ಯಾವತ್ತೂ ದಾಕ್ಷಿಣ್ಯ ಇರಲಿಲ್ಲ.

ಈಗ ಹೇಳಹೊರಟಿರುವುದು ನಾನೇ ತಪ್ಪು ಬೆಲೆ ಕಟ್ಟಿದ ಒಂದು ಹೆಸರಿನ ವಿಷಯ. ಪೂರ್ತಿ ಬರೆಯುವುದಿಲ್ಲ. ನಮ್ಮ ಕಡೆಯ ಚಿತ್ತಾರಕ್ಕೆ ಸೇರಿದ ಒಂದು ಪದ, ಕೊನೆಯಲ್ಲಿ ಡಾಟ್ ಇನ್.

ಚಿತ್ತಾರ ಎಂದರೆ ನಮ್ಮ ಜನರ ಮನೆಗಳಲ್ಲಿ ಮದುವೆಗೆ ಮುಂಚೆ ಗೋಡೆಯ ಮೇಲೆ ಬರೆಯುವುದು. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅರೆದ ಅಕ್ಕಿಯ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಸುತ್ತ ಎಳೆ ಎಳೆಯಾಗಿ ಗೆರೆಗಳು, ನಡುವೆ ಮದುಮಗ, ಮದುಮಗಳು. ಮದುವೆಯ ದಿನ ಅವರನ್ನು ಕೂರಿಸುವುದು ಆ ಗೋಡೆಯ ಮುಂದೆಯೇ. ಬರೆಯುವವರು ಹೆಂಗಸರು. ನನ್ನ ಅಕ್ಕ ಬರೆಯುತ್ತಿದ್ದಳು.

ಅಮ್ಮ ತೀರಿಹೋದಾಗ ನನಗೆ ಏಳು, ಅಕ್ಕನಿಗೆ ಹದಿನೆಂಟು. ಮರುವರ್ಷ ಅವಳನ್ನು ಹೊಸನಗರದ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟರು. ಹೊರಡುವ ದಿನ ಅವಳು ನನ್ನ ಎರಡು ಅಂಗಿ ಚಡ್ಡಿಗಳನ್ನೂ ತನ್ನ ಟ್ರಂಕಿಗೆ ಹಾಕಿಕೊಂಡಳು. ಮದುಮಗಳ ಜೊತೆ ತಮ್ಮ ಬಿಟ್ಟಿ ಬಂದ ಎಂದು ಆ ಊರಿನವರು ಬಹಳ ವರ್ಷ ತಮಾಷೆ ಮಾಡುತ್ತಿದ್ದರು. ಭಾವ ಮಾತು ಕಡಿಮೆಯ ಮನುಷ್ಯ. ಮೊದಲನೇ ದಿನವೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡರು, ಅಲ್ಲಿಗೆ ನನ್ನ ವಿಷಯ ತೀರ್ಮಾನವಾಯಿತು. ನಾನು ಹೈಸ್ಕೂಲು ಮುಗಿಸಿದ್ದು ಅವರ ಮನೆಯಲ್ಲಿ. ಅಕ್ಕ ಚಿತ್ತಾರ ಬರೆಯಲು ಹೋದಲ್ಲೆಲ್ಲ ಬಿಳಿ ಬಣ್ಣದ ತೆಂಗಿನ ಚಿಪ್ಪು ಹಿಡಿದುಕೊಂಡು ಹಿಂದೆ ಹೋಗುತ್ತಿದ್ದವನು ನಾನೇ.

ಅವಳಿಗೊಂದು ಕಟ್ಟುನಿಟ್ಟು ಇತ್ತು. ಕರೆಯದೆ ಹೋಗುವಂತಿಲ್ಲ. ಮದುವೆ ಮನೆಯವರು ಎಲೆ ಅಡಿಕೆ ಹಿಡಿದುಕೊಂಡು ಬಂದು, ನಮ್ಮ ಮನೆಗೆ ಬಂದು ಬರೆದುಕೊಡಬೇಕು ಎಂದು ಬಾಯಿಬಿಟ್ಟು ಕೇಳಬೇಕು. ಕೂಲಿಯ ಮಾತಿಲ್ಲ. ಬರೆದಾದ ಮೇಲೆ ಅಕ್ಕಿ, ಕಾಯಿ, ಒಂದು ರವಿಕೆ ಕಣ ಕೊಟ್ಟರೆ ತೆಗೆದುಕೊಂಡು ಬರುವುದು. ಊರಲ್ಲಿ ಯಾರ ಮನೆಯಲ್ಲಿ ಮದುವೆ ಎಂದು ಗೊತ್ತಿದ್ದರೂ ತಾನಾಗಿ ವಿಚಾರಿಸುತ್ತಿರಲಿಲ್ಲ. ಆ ಮನೆ ಮುಂದೆ ಹಾದು ಹೋಗುವುದಾದರೆ ಮುಖವನ್ನು ಆಚೆ ತಿರುಗಿಸಿಕೊಂಡು ನಡೆಯುತ್ತಿದ್ದಳು, ಎಲ್ಲಿ ಆಸೆಪಟ್ಟು ನೋಡಿದಳು ಎಂದುಕೊಳ್ಳುತ್ತಾರೋ ಎಂದು. 'ಕರೀದೆ ಹೋದ್ರೆ ಕೈಲಿ ಗೆರೆ ನಿಲ್ಲಲ್ಲ ಕಣಾ' ಎನ್ನುತ್ತಿದ್ದಳು.

ಆಮೇಲೆ ಮದುವೆಗಳು ಮನೆಯಿಂದ ಕಲ್ಯಾಣ ಮಂಟಪಕ್ಕೆ ಹೋದವು. ಗೋಡೆ ಯಾರಿಗೂ ಬೇಕಾಗಲಿಲ್ಲ. ವರ್ಷಕ್ಕೆ ಹತ್ತು ಹನ್ನೆರಡು ಇದ್ದ ಕರೆ ಮೂರಕ್ಕೆ ಇಳಿಯಿತು, ಎರಡಾಯಿತು.

ಹನ್ನೊಂದು ವರ್ಷದ ಕೆಳಗೆ, ಈ ಕಸುಬು ಶುರುಮಾಡಿದ ಹೊಸದರಲ್ಲಿ, ಆ ಚಿತ್ತಾರದ ಪದ ಡಾಟ್ ಇನ್‌ನಲ್ಲಿ ಖಾಲಿ ಇರುವುದು ಕಣ್ಣಿಗೆ ಬಿತ್ತು. ತಕ್ಷಣ ನನ್ನ ಹೆಸರಿಗೆ ಮಾಡಿಕೊಂಡೆ. ಯಾತಕ್ಕೆ ಎಂದರೆ ಮಾರುವುದಕ್ಕೆ. ಬೇರೆ ಯಾವ ಘನಂದಾರಿ ಉದ್ದೇಶವೂ ಇರಲಿಲ್ಲ. ಬೋಳು ಹೆಸರಿಗಿಂತ ನಾಲ್ಕು ಪುಟ ಇರುವ ಹೆಸರಿಗೆ ಬೆಲೆ ಹೆಚ್ಚು ಎಂದು ಆಗ ಕಲಿತಿದ್ದೆ. ಪುಟ ತುಂಬಿಸಲು ಏನಾದರೂ ಬೇಕಲ್ಲ, ಹೊಸನಗರಕ್ಕೆ ಹೋಗಿ ಅಕ್ಕ ಬರೆದ ಗೋಡೆಗಳ ಫೋಟೋ ತೆಗೆದೆ, ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯಲೆಂದು ಅವಳು ಚಿತ್ತಾರ ಬರೆದಿಟ್ಟಿದ್ದ ಬುಟ್ಟಿಯದೂ ಒಂದು ತೆಗೆದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಇದೆಲ್ಲ ಎಂತಕ್ಕೆ ಎಂದು ಕೇಳಿದಳು. ಅವಳ ಮುಖ ನೋಡಿಕೊಂಡು ಮಾರುವುದಕ್ಕೆ ಎನ್ನಲು ಬಾಯಿ ಬರಲಿಲ್ಲ.

'ನಿಂಗೇ ಅಂತ ಮಾಡ್ಸಿದೀನಿ. ಇಂಟರ್ನೆಟ್ಟಲ್ಲಿ ನಿಂದೊಂದು ಮನೆ. ಯಾರು ಬೇಕಾದ್ರೂ ಬಂದು ನೋಡ್ಬೋದು, ಕರೀಬೋದು' ಎಂದೆ.

ಅವಳ ಮುಖ ಹೇಗಾಯಿತೆಂದು ಈಗಲೂ ಕಣ್ಣಿಗೆ ಕಟ್ಟಿದೆ. ಆವತ್ತು ಸಂಜೆಯೊಳಗೆ ಅರ್ಧ ಊರಿಗೆ ಸುದ್ದಿ ಮುಟ್ಟಿತ್ತು. 'ನಮ್ ತಮ್ಮ ನಂಗೊಂದು ಮನೆ ಕಟ್ಸಿದಾನೆ, ಸಾಗರದಾಗೆ ಕೂತ್ಕಂಡು' ಎಂದು ಬಾವಿಕಟ್ಟೆಯಲ್ಲಿ ಹೇಳಿಕೊಂಡಳಂತೆ. ಫೋನ್ ನಂಬರು ಹಾಕಲೇ ಎಂದು ಕೇಳಿದ್ದಕ್ಕೆ ಮಾತ್ರ ಹೌಹಾರಿದಳು, ಹೆಣ್ಣುಮಕ್ಕಳ ನಂಬರನ್ನು ಲೋಕಕ್ಕೆಲ್ಲ ಕೊಡುತ್ತಾರೇನೋ ಎಂದು. ಸರಿ, ಅಲ್ಲೇ ಬರೆದು ಕಳಿಸುವಂತೆ ಒಂದು ಫಾರಂ ಇಟ್ಟು, ಅದಕ್ಕೆಂದೇ ಹೊಸ ಮೇಲ್ ಐಡಿ ಮಾಡಿ, ಬಂದದ್ದು ಅಲ್ಲಿಗೆ ಬೀಳುವಂತೆ ಮಾಡಿದೆ.

ಮೊದಲ ಆರು ತಿಂಗಳು ಆ ಮೇಲ್ ಡಬ್ಬ ತೆರೆದು ನೋಡುತ್ತಿದ್ದೆ. ಸಾಲ ಕೊಡುತ್ತೇವೆ, ತೂಕ ಇಳಿಸುತ್ತೇವೆ, ನಿಮ್ಮ ಸೈಟನ್ನು ಗೂಗಲ್ಲಿನಲ್ಲಿ ಮೇಲಕ್ಕೆ ತರುತ್ತೇವೆ ಎನ್ನುವ ಕಸ ಬಿಟ್ಟು ಇನ್ನೇನೂ ಇರುತ್ತಿರಲಿಲ್ಲ. ಫೋನು ಬದಲಾಯಿಸಿದೆ. ಹೊಸ ಫೋನಿಗೆ ಆ ಐಡಿ ಹಾಕಿಕೊಳ್ಳಲಿಲ್ಲ. ಮರೆತೇಬಿಟ್ಟೆ.

ಅಕ್ಕ ಮರೆತಿರಲಿಲ್ಲ. ಹೋದಾಗಲೆಲ್ಲ ಚಾ ಲೋಟ ಕೈಗಿಡುತ್ತಾ, 'ಮನೆಗೆ ಯಾರಾದ್ರೂ ಬಂದಿದ್ರನಾ?' ಎಂದು ಕೇಳುತ್ತಿದ್ದಳು. ನಾನು ಚಾ ಊದಿಕೊಳ್ಳುತ್ತಾ ಇಲ್ಲ ಎನ್ನುತ್ತಿದ್ದೆ. ಕೇಳುವುದು ಅವಳ ವಾಡಿಕೆ, ಇಲ್ಲ ಎನ್ನುವುದು ನನ್ನ ವಾಡಿಕೆ ಎನ್ನುವ ಹಾಗಾಯಿತು. ಒಮ್ಮೆ ಮಾತ್ರ, ಬಂದು ಹೋಗುವವರು ಎಂಟೋ ಹತ್ತೋ ಜನ ಇರಬಹುದು, ಕರೆಯುವವರು ಯಾರೂ ಇಲ್ಲ ಎಂದೆ. 'ನೋಡ್ಕಂಡ್ ಹೋಗ್ತಾರೆ, ಇಷ್ಟ ಆಗ್ಲಿಲ್ಲ ಅಂತ ಕಾಣ್ತದೆ' ಎಂದಳು. ನನ್ನ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಹದಿನೆಂಟು ಸಾವಿರ ಎಂದು ಬರೆದುಕೊಂಡಿದ್ದೆ, ಅದೂ ಪುಣ್ಯ ಇದ್ದರೆ.

ಐದು ವರ್ಷದ ಕೆಳಗೆ ಅವಳು ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. ನಾನು ಗಮನಿಸಲಿಲ್ಲ. ಭಾವ ಒಂದು ಸಲ ಬೈಕಿನ ತನಕ ಬಂದವರು, 'ಕುಂಚ ಬಣ್ಣ ಎಲ್ಲ ಅಟ್ಟಕ್ಕೆ ಹಾಕಿದಾಳೆ. ಹುಣ್ಣಿಮೆಗೆ ಬುಟ್ಟಿ ಒಂದು ಬರೀತಾಳೆ ಅಷ್ಟೇಯ' ಎಂದರು. ವಯಸ್ಸಾಯಿತಲ್ಲ ಎಂದುಕೊಂಡು ಬೈಕು ಹತ್ತಿದೆ.

ಕಳೆದ ವರ್ಷ ದೊಡ್ಡ ನಗರವೊಂದರ ಕಂಪನಿಯಿಂದ ಆ ಹೆಸರು ಬೇಕೆಂದು ಕಾಗದ ಬಂತು. ಗೋಡೆಗೆ ಅಂಟಿಸುವ ಚಿತ್ರದ ಹಾಳೆ ಮಾಡುವವರು. ನಾಲ್ಕೂವರೆ ಲಕ್ಷ ಕೊಡುತ್ತೇವೆ ಎಂದು ಅವರೇ ಹೇಳಿದರು. ನಾನು ಕಟ್ಟಿದ ಬೆಲೆಯ ಇಪ್ಪತ್ತೈದು ಪಟ್ಟು. ಬೆಲೆ ಕಟ್ಟುವವನಾಗಿ ನನಗೆ ಅವಮಾನವಾಗಬೇಕಿತ್ತು, ಆದರೆ ಕುಣಿಯುವಷ್ಟು ಸಂತೋಷವಾಯಿತು. ಫೋನು ಮಾಡಿದವರು ಬಹಳ ಮರ್ಯಾದಸ್ಥರು. ಮಾತಿನ ನಡುವೆ, ಈ ಪುಟದ ಮೂಲಕ ಜನ ಏನಾದರೂ ಬರೆಯುತ್ತಾರೆಯೇ, ಅದರ ಲೆಕ್ಕ ಇದ್ದರೆ ಕಳಿಸಿ ಎಂದರು. ಯಾರೂ ಬರೆಯುವುದಿಲ್ಲ ಎಂದು ಬಾಯಿತುದಿಗೆ ಬಂದಿತ್ತು. ಆದರೂ ಕೊಳ್ಳುವವರು ಕೇಳಿದ್ದಾರೆ, ನೋಡಿಯೇ ಹೇಳೋಣ ಎಂದು ಹಳೇ ಡಬ್ಬದ ಪಾಸ್‌ವರ್ಡು ಹುಡುಕಿ ತೆರೆದೆ.

ಬೆಳಗ್ಗೆ ಹತ್ತಕ್ಕೆ ಕೂತವನು ಊಟಕ್ಕೂ ಇಳಿಯಲಿಲ್ಲ. ಸಾವಿರಗಟ್ಟಲೆ ಕಸ. ಅದರ ನಡುವೆ ಮನುಷ್ಯರು ಬರೆದದ್ದು ನಲವತ್ತೊಂದು. ಮಗಳ ಮದುವೆಗೆ ಬರೆದುಕೊಡುತ್ತೀರಾ ಎಂದು ಕೇಳಿದವರು ಹದಿಮೂರು ಜನ. ಮುಂಬೈಯಲ್ಲಿರುವ ನಮ್ಮದೇ ಕಡೆಯ ಹೆಂಗಸೊಬ್ಬರು, ಅಜ್ಜಿ ಗೋಡೆಯ ಮೂಲೆಯಲ್ಲಿ ಬರೆಯುತ್ತಿದ್ದ ಏಣಿಯಂಥ ಗೆರೆಗೆ ಏನೆನ್ನುತ್ತಾರೆ ಎಂದು ಕೇಳಿದ್ದರು. ಒಬ್ಬ ಮೇಷ್ಟ್ರು ಶಾಲೆಯ ಮಕ್ಕಳಿಗೆ ಕಲಿಸಲು ಬನ್ನಿ ಎಂದಿದ್ದರು. ಸುಮ್ಮನೆ 'ನಮ್ಮ ಮನೆ ಗೋಡೆ ನೆನಪಾಯಿತು, ಅಳು ಬಂತು' ಎಂದಷ್ಟೇ ಬರೆದವರು ಇದ್ದರು. ಎಲ್ಲರೂ ಅಕ್ಕನನ್ನು ಅಮ್ಮ ಎಂದು ಕರೆದಿದ್ದರು. ಬಹಳಷ್ಟು ಬಂದದ್ದು ಅವಳು ಪ್ರಶ್ನೆ ಕೇಳುತ್ತಿದ್ದ ವರ್ಷಗಳಲ್ಲೇ. ನಾನು ಚಾ ಊದಿಕೊಂಡು ಇಲ್ಲ ಎನ್ನುತ್ತಿದ್ದಾಗ ಇವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಕರೆಯದೆ ಹೋಗಲಾರದವಳಿಗೆ ಬಂದ ಕರೆಗಳನ್ನು ನಾನು ಮುಟ್ಟಿಸಿರಲಿಲ್ಲ. ಕಂಪ್ಯೂಟರು ಮುಚ್ಚಿದೆ.

ಮಾರನೇ ದಿನ ಎಲ್ಲವನ್ನೂ ಪ್ರಿಂಟು ತೆಗೆಸಿಕೊಂಡು ಹೊಸನಗರದ ದಾರಿ ಹಿಡಿದೆ. ಅಕ್ಕ ಜಗಲಿಯಲ್ಲಿ ಹಲಸಿನ ಹಪ್ಪಳ ಮಗುಚಿ ಹಾಕುತ್ತಿದ್ದಳು. ಹಾಳೆಗಳ ಕಟ್ಟು ನೋಡಿ, 'ಎಂತನಾ, ಕೋರ್ಟ್ ಕಾಗ್ದನಾ?' ಎಂದು ಹೆದರಿದಳು. ಕೂರಿಸಿ ನಡೆದದ್ದು ಹೇಳಿ ಒಂದೊಂದೇ ಓದಿದೆ. ಮೊದಮೊದಲು ಅವಳಿಗೆ ಖುಷಿಯೇ ಆಯಿತು. ಮುಂಬೈಯವರ ಪ್ರಶ್ನೆಗೆ ಅಲ್ಲೇ ನೆಲದ ಮೇಲೆ ಬೆರಳಲ್ಲಿ ಬರೆದು ತೋರಿಸಿ ಉತ್ತರ ಹೇಳಿದಳು. ನಾಲ್ಕನೆಯದೋ ಐದನೆಯದೋ ಓದುವಾಗ, 'ಇದು ಯಾವಾಗ್ ಬಂದಿದ್ದು?' ಎಂದು ಕೇಳಿದಳು. ಏಳು ವರ್ಷ ಆಯಿತು ಎಂದೆ. ಅಲ್ಲಿಂದ ಮುಂದೆ ಪ್ರತಿಯೊಂದಕ್ಕೂ ಅದೊಂದೇ ಪ್ರಶ್ನೆ.

ಇಪ್ಪತ್ತು ಆಗಿರಬೇಕು, ಸಾಕು ನಿಲ್ಲಿಸು ಎಂದಳು.

'ಅಲ್ಲನಾ, ನನ್ ಮನೆ ಅಂದಿದ್ಯಲ್ಲ. ಬಾಗ್ಲಿಗೆ ಬಂದೋರನ್ನ ಇಷ್ಟ್ ವರ್ಷ ನಿಲ್ಸಿಟ್ಯಾ? ನಮ್ಮನೆ ಬಾಗ್ಲಾಗೆ ಭಿಕ್ಷಕ್ಕೆ ಬಂದೋರನ್ನೂ ನಾ ಹಂಗೆ ನಿಲ್ಸಿದ್ದಿಲ್ಲ.'

ನನಗೆ ಸುಳ್ಳು ಇನ್ನೊಂದು ಹೆಜ್ಜೆ ಹೊರಲಾಗಲಿಲ್ಲ. ಅದು ನಿನ್ನ ಮನೆ ಆಗಿರಲೇ ಇಲ್ಲ ಅಕ್ಕಾ, ಮಾರೋಕೆ ಅಂತ ತಗೊಂಡಿದ್ದೆ, ನಿನ್ನ ಚಿತ್ರ ಹಾಕಿದ್ದು ಬೆಲೆ ಬರಲಿ ಅಂತ, ಈಗ ಕೊಳ್ಳೋಕೆ ಜನ ಬಂದಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಹೇಳಿದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ.

ಅವಳು ಕೈಗೆ ಸಿಕ್ಕ ಹಪ್ಪಳ ಮಗುಚಿ ಹಾಕಿದಳು. 'ಅದ್ನ ಎಂತಕ್ಕೆ ಹೇಳಿದ್ಯಾ ಈಗ?' ಎಂದಳು. 'ಯಾರೂ ಕರೀದಿದ್ರೂ, ನನ್ ತಮ್ಮ ನಂಗೆ ಅಂತ ಮಾಡಿದಾನಲ್ಲ ಅಂತ ಒಂದಿತ್ತು.'

ನನಗೆ ಐವತ್ತೆರಡು ವರ್ಷ. ಅವತ್ತು ಆ ಜಗಲಿಯ ಮೇಲೆ ಕೂತು ಸಣ್ಣ ಮಕ್ಕಳ ಹಾಗೆ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಭಾವ ಬಂದು ಊಟಕ್ಕೆ ಏಳು ಎಂದರು. ಅಕ್ಕ ಬಡಿಸಿದಳು, ಆದರೆ ನನ್ನ ಮುಖ ನೋಡಲಿಲ್ಲ. ಎರಡನೇ ಸಲ ಅನ್ನ ಬೇಕಾ ಎಂದು ಕೇಳುವವಳಲ್ಲ ಅವಳು, ಕೇಳದೆ ಹಾಕುವವಳು. ಅವತ್ತು ಕೇಳಿದಳು.

ಕೈ ತೊಳೆದು ಬಂದಾಗ ಅವಳು ಹಾಳೆಗಳ ಕಟ್ಟಿನ ಪಕ್ಕ ಕೂತಿದ್ದಳು. 'ಆ ಮೇಗರವಳ್ಳಿ ಕಡೆ ಹುಡ್ಗಿದು ಇನ್ನೊಂದ್ಸಲ ಓದು' ಎಂದಳು.

ತೀರ್ಥಹಳ್ಳಿಯಿಂದ ಮುಂದೆ, ಮೇಗರವಳ್ಳಿಯ ಹತ್ತಿರದ ಹಳ್ಳಿಯಿಂದ ಬರೆದದ್ದು ಅದು. ಬರೆದು ಐದು ವರ್ಷವಾಗಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. 'ನಮ್ಮ ಅಮ್ಮ ಸಾಗರದ ಕಡೆಯವರು. ನನ್ನ ಮದುವೆಗೆ ಈ ಗೋಡೆಗೆ ಚಿತ್ತಾರ ಬರೆಸುತ್ತೇನೆ ಎನ್ನುತ್ತಿದ್ದರು. ಅವರು ಹೋಗಿ ಎರಡು ತಿಂಗಳಾಯಿತು, ಮದುವೆ ನಿಲ್ಲಿಸಬಾರದು ಎಂದು ಮಾಡುತ್ತಿದ್ದಾರೆ. ಇಲ್ಲಿ ಯಾರಿಗೂ ಬರೆಯಲು ಬರುವುದಿಲ್ಲ. ಗಾಡಿ ಕಳಿಸುತ್ತೇವೆ, ನೀವು ಬರುತ್ತೀರಾ ಅಮ್ಮ?' ಕೆಳಗೆ ಫೋನ್ ನಂಬರು ಇತ್ತು.

'ಫೋನ್ ಮಾಡು' ಎಂದಳು ಅಕ್ಕ.

'ಮದ್ವೆ ಆಗಿ ಐದು ವರ್ಷ ಆಯ್ತಕ್ಕಾ.'

'ನೀ ಮಾಡು.'

ಹೆಣ್ಣು ಧ್ವನಿಯೊಂದು ಹಲೋ ಎಂದಿತು. ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡು, ತಾನು ಯಾರು, ಎಲ್ಲಿಯವಳು ಎಂದು ಹೇಳಿದಳು. ಆಕೆ ಏನೋ ಹೇಳಿರಬೇಕು, ಅಕ್ಕ ಹ್ಞೂಂ ಹ್ಞೂಂ ಎಂದು ಕೇಳಿಸಿಕೊಂಡಳು. ಕೊನೆಗೆ, 'ನೀವ್ ಕರ್ದಿದ್ದು ನಂಗೆ ಇವತ್ತು ಮುಟ್ತು ಮಗಾ. ಈಗ ಬಂದ್ರೆ ಆಗ್ತದಾ?' ಎಂದಳು. ಅವಳು ತಾನಾಗಿ ಬಾಯಿಬಿಟ್ಟು ಒಂದು ಮನೆಗೆ ಬರುತ್ತೇನೆ ಎಂದು ಕೇಳಿದ್ದನ್ನು ನನ್ನ ಜನ್ಮದಲ್ಲಿ ಮೊದಲ ಸಲ ಕೇಳಿದೆ. ಭಾವ ಏಣಿ ತಂದು ಅಟ್ಟಕ್ಕೆ ಆನಿಸಿದರು.

ಮುಂದಿನ ವಾರ ಅಕ್ಕನನ್ನು ಆ ಮನೆಗೆ ಕರೆದುಕೊಂಡು ಹೋದೆ. ಅಪ್ಪನನ್ನು ನೋಡಿಕೊಳ್ಳಲು ಆ ಹುಡುಗಿ ಗಂಡ ಮತ್ತು ಪುಟ್ಟ ಮಗಳ ಜೊತೆ ತವರಿಗೇ ಬಂದು ಇದ್ದಳು. ನಡುಮನೆಯ ಗೋಡೆಯಲ್ಲಿ ನಾಲ್ಕು ಮೊಳೆಗಳಿದ್ದವು. ಮದುವೆಗೆ ಚಿತ್ತಾರದ ಫೋಟೋ ಒಂದನ್ನು ಫ್ಲೆಕ್ಸ್ ಮಾಡಿಸಿ ಅಲ್ಲಿಗೆ ಬಡಿದಿದ್ದರಂತೆ. 'ನಿಮ್ ಪುಟದಿಂದನೇ ತೆಗ್ದಿದ್ದು, ಬೇಜಾರ್ ಮಾಡ್ಕಬೇಡಿ' ಎಂದಳು. ಅಕ್ಕ ಮೊಳೆಗಳನ್ನು ತಾನೇ ಕಿತ್ತಳು. ಕೆಮ್ಮಣ್ಣು ಬಳಿದು ಒಣಗಲು ಬಿಟ್ಟು, ಮಾರನೇ ದಿನ ಬೆಳಗ್ಗೆ ಕುಂಚ ಎತ್ತಿದಳು. ಮೊದಲನೇ ಗೆರೆ ನಡುಗಿತು. ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಎರಡನೆಯದೂ ಸೊಟ್ಟ ಹೋಯಿತು. ನಾನು ಚಿಪ್ಪು ಹಿಡಿದುಕೊಂಡು ಬೇರೆ ಕಡೆ ನೋಡುತ್ತಾ ನಿಂತೆ. ಮೂರನೆಯದು ನಿಂತಿತು. ಅದರ ಪಕ್ಕ ಇನ್ನೊಂದು ನಿಂತಿತು.

ಮದುವೆಯಿಲ್ಲದ ಮನೆಯಲ್ಲಿ ನಡುವೆ ಯಾರನ್ನು ಬರೆಯುತ್ತೀರಿ ಎಂದು ಆಕೆ ಸಂಕೋಚದಿಂದ ಕೇಳಿದಳು. 'ನಿಮ್ಮನ್ನೇಯ. ನಿಮ್ಗೆ ಮದ್ವೆ ಆಗಿದ್ದು ಸುಳ್ಳಾ?' ಎಂದಳು ಅಕ್ಕ. ಆಕೆಯ ಗಂಡ ಒಳಗೆ ನಗುವುದು ಕೇಳಿಸಿತು.

ಊಟದ ಹೊತ್ತಿಗೆ ನನ್ನ ಕಸುಬಿನ ಚಾಳಿ ಬಿಡಲಾರದೆ, ಆ ಪುಟ ನಿಮಗೆ ಸಿಕ್ಕಿದ್ದು ಹೇಗೆ, ಗೂಗಲ್ಲಿನಲ್ಲಿ ಹುಡುಕಿದಿರಾ ಎಂದು ಕೇಳಿದೆ. ಆಕೆ ಇಲ್ಲ ಎಂದಳು. 'ಅಮ್ಮ ಹೇಳ್ತಿದ್ದ ಪದ ಅದೊಂದೇ ನಂಗೆ ಗೊತ್ತಿದ್ದಿದ್ದು. ಅದ್ನೇ ಹೊಡ್ದು ಡಾಟ್ ಇನ್ ಅಂತ ಹಾಕ್ದೆ, ನಮ್ ದೇಶದ್ದಲ್ವಾ ಅಂತ. ಇವ್ರ್ ಗೋಡೆ ಬಂತು.' ನಮ್ಮ ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಯಾರೂ ತೋರಿಸದೆ, ನೆನಪಿನಿಂದ ಹೆಸರನ್ನು ನೇರ ಹೊಡೆದು ಬರುವವರು ಇದ್ದರೆ ಆ ಹೆಸರಿಗೆ ಕಣ್ಣು ಮುಚ್ಚಿ ಬೆಲೆ ಕಟ್ಟಬಹುದು. ಬೇರೆಯವರ ಪಟ್ಟಿಗಳಲ್ಲಿ ನಾನು ಮೊದಲು ನೋಡುವುದು ಅದನ್ನೇ. ನನ್ನದರಲ್ಲಿ ನೋಡಿರಲಿಲ್ಲ. ತಟ್ಟೆಯಲ್ಲಿದ್ದ ಅನ್ನ ಕಲಸುತ್ತಾ ತಲೆ ಎತ್ತಲಾಗಲಿಲ್ಲ.

ಸಾಗರಕ್ಕೆ ಬಂದ ಮೇಲೆ ಕಂಪನಿಯವರಿಗೆ ಕೊಡುವುದಿಲ್ಲ ಎಂದು ಬರೆದೆ. ಅವರು ಇನ್ನೂ ಒಂದು ಲಕ್ಷ ಸೇರಿಸಿದರು. ಅದಕ್ಕೂ ಆಗುವುದಿಲ್ಲ ಎಂದೆ. ನನ್ನ ಹೆಂಡತಿ ಈ ಸಲ ಗಾಳಿಯ ಗಾದೆ ಹೇಳಲಿಲ್ಲ, ಅತ್ತಿಗೆಯ ಹೆಸರಿಗೆ ಮಾಡಿಸಿಬಿಡಿ ಎಂದಳು. ಅದನ್ನು ಮಾಡಿಸುವುದೂ ಒಂದು ರಾಮಾಯಣವೇ ಆಯಿತು. ಅಕ್ಕನ ಗುಂಡಿ ಫೋನಿಗೆ ಬಂದ ಓಟಿಪಿಯನ್ನು ಭಾವ ಓದುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ನಾಲ್ಕು ಸಲ ಹೀಗಾದ ಮೇಲೆ ಐದನೇ ಸಲಕ್ಕೆ ದಾಟಿತು. ಈಗ ನಿನ್ನದೇ ಆಯಿತು, ನಿಜವಾಗಿ ಆಯಿತು ಎಂದು ಫೋನಿನಲ್ಲಿ ಹೇಳಿದೆ. 'ಹೌದನಾ' ಎಂದಳು, ಅಷ್ಟೇ. ಮೊದಲಿನ ಸಲದ ಸಂತೋಷ ಧ್ವನಿಯಲ್ಲಿ ಇರಲಿಲ್ಲ. ಸುಳ್ಳು ಹೇಳಿ ಕೊಟ್ಟಾಗ ಊರೆಲ್ಲ ಸಾರಿದವಳು ನಿಜ ಕೊಟ್ಟಾಗ ಸುಮ್ಮನಾದಳು. ಅದು ನನಗೆ ಸಲ್ಲಬೇಕಾದದ್ದೇ.

ಉಳಿದ ನಲವತ್ತಕ್ಕೂ ಉತ್ತರ ಬರೆಯಬೇಕೆಂದು ಅವಳೇ ಹೇಳಿದಳು. ಒಂದು ಭಾನುವಾರ ಲ್ಯಾಪ್‌ಟಾಪು ತೆಗೆದುಕೊಂಡು ಹೋದೆ. ಜಗಲಿಯ ಮೇಲೆ ನಾನು, ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಅವಳು. ಅತಿ ಹಳೆಯದರಿಂದ ಶುರು ಮಾಡಿದೆವು. ಮಗಳ ಮದುವೆಗೆ ಕರೆದವರದು, ಒಂಬತ್ತು ವರ್ಷ ಹಿಂದಿನದು. ಯಾರಿಗೂ ಹೀಗೊಂದು ಉತ್ತರ ಬರೆದು ನನಗೆ ಅಭ್ಯಾಸವಿರಲಿಲ್ಲ. ಕ್ಷಮೆ ಕೇಳಿಯೇ ಶುರು ಮಾಡೋಣ ಎಂದು, 'ನಿಮ್ಮ ಕಾಗದ ಇಷ್ಟು ವರ್ಷ ಅವರಿಗೆ ತಲುಪದೆ ಹೋದದ್ದಕ್ಕೆ ಅವರ ತಮ್ಮನಾದ ನಾನೇ ಕಾರಣ' ಎಂದು ಬರೆದು, ಗಟ್ಟಿಯಾಗಿ ಓದಿದೆ.

'ಅದ್ನ ಅಳಿಸು' ಎಂದಳು.

'ನಿಜ ಅಲ್ವಾ ಅಕ್ಕಾ?'

'ನಿಜ ಇರ್ಬೋದು. ಅವ್ರಿಗೆ ಎಂತಕ್ಕೆ ಅದು? ನಮ್ಮನೆ ಹುಡ್ಗನ್ನ ಊರೋರೆಲ್ಲ ಬೈಯೋದ್ ನಾ ಕೇಳಕ್ಕಾಗಲ್ಲ.' ಅವಳು ಪರದೆಯ ಮೇಲೆ ಆ ಸಾಲನ್ನು ಬೆರಳಿಟ್ಟು ತೋರಿಸಿದಳು. 'ತಡ ಆಯ್ತು, ಮಗ್ಳು ಚೆನಾಗಿದಾಳಾ ಅಂತ ಬರಿ. ಅಷ್ಟೇ ಸಾಕು.'

ನಾನು ಅಷ್ಟೇ ಬರೆದೆ.